ಹನ್ನೆರಡನೇ ಪ್ರಶ್ನೆ

ರೋಗಿಯ ಹೊಟ್ಟೆ ಮುಟ್ಟುವ ಮೊದಲು ನಮ್ಮ ಡಾಕ್ಟರು ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಮಾತ್ರವಲ್ಲ, ಕೊಳ್ಳೇಗಾಲದ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ಸುರಿಯುತ್ತಿರುವಾಗಲೂ ಅಷ್ಟೆ. "ಯಾಕೆ ಸಾರ್?" ಅಂತ ಒಮ್ಮೆ ಕೇಳಿದೆ. "ಪರರ ಕೈ ತಣ್ಣಗೆ ಸೋಕಿದರೆ ಹೊಟ್ಟೆ ಬಿಗಿಯಾಗತ್ತೆ ಕಣಯ್ಯ. ಬಿಗಿಯಾದ ಹೊಟ್ಟೆ ನಮಗೇನೂ ಹೇಳಲ್ಲ" ಅಂದರು. ಒತ್ತಿ ನೋಡುವಾಗ ಅವರ ಕಣ್ಣು ಹೊಟ್ಟೆಯ ಮೇಲೆ ಇರುತ್ತಿರಲಿಲ್ಲ, ಮಲಗಿದವರ ಮುಖದ ಮೇಲೆ ಇರುತ್ತಿತ್ತು. ನೋವು ಕೈಗೆ ಸಿಗುವುದಕ್ಕೆ ಮೊದಲು ಹುಬ್ಬಿನಲ್ಲಿ ಕಾಣಿಸುತ್ತದೆ ಎಂಬುದು ಅವರ ನಂಬಿಕೆ. ಅವರ ಜೊತೆ ಹದಿನೆಂಟು ವರ್ಷ ನಿಂತಿದ್ದೇನೆ. ಆ ನಂಬಿಕೆ ಸುಳ್ಳಾದದ್ದನ್ನು ನಾನು ಕಂಡಿಲ್ಲ.

ಕಳೆದ ತಿಂಗಳು ಅವರು ಕೆಲಸ ನಿಲ್ಲಿಸಿದರು. ಬಲಗೈಯ ಹೆಬ್ಬೆರಳಲ್ಲಿ ಸಣ್ಣ ನಡುಕ. ಅದು ನಮಗ್ಯಾರಿಗೂ ಕಂಡಿರಲಿಲ್ಲ, ಅವರಿಗೆ ಕಂಡಿತ್ತು. "ಬೆರಳು ನನ್ನ ಮಾತು ಕೇಳೋದಕ್ಕೆ ಅರ್ಧ ಸೆಕೆಂಡು ತಡ ಮಾಡ್ತಿದೆ. ಇನ್ನೊಬ್ಬರ ಕರುಳಿನೊಳಗೆ ಅರ್ಧ ಸೆಕೆಂಡು ಅಂದರೆ ಬಹಳ ಹೊತ್ತು" ಅಂತ ಹೇಳಿ, ಎಂಡೋಸ್ಕೋಪನ್ನು ತಾವೇ ತೊಳೆದು, ಒರೆಸಿ, ಕಪಾಟಿನಲ್ಲಿ ನೇತುಹಾಕಿ, ಬೀಗದ ಕೈಯನ್ನು ಈಗಿನ ಚಿಕ್ಕ ಡಾಕ್ಟರಿಗೆ ಕೊಟ್ಟರು. ಊರಿನವರು ಕಲ್ಯಾಣ ಮಂಟಪದಲ್ಲಿ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಮೈಸೂರು ಪೇಟ ಎಲ್ಲ ಆಯಿತು. ಮಾತಾಡಿದವರೆಲ್ಲ ದೇವರಂಥ ಮನುಷ್ಯ ಅಂದರು. ಮೈಕು ನನ್ನ ಕೈಗೂ ಬಂತು. ನಮಸ್ಕಾರ ಅಂತ ಹೇಳಿ ಕೂತುಬಿಟ್ಟೆ.

ನನಗೆ ಹೇಳಬೇಕಾಗಿದ್ದದ್ದು ಒಂದೇ ವಿಷಯ, ಅದು ಹಾರ ಹಾಕಿದ ಸಭೆಗೆ ಹೊಂದುತ್ತಿರಲಿಲ್ಲ. ಅವರ ಆರು ವರ್ಷದ ಸಂಶೋಧನೆಯನ್ನು ಹಾಳು ಮಾಡಿದವನು ನಾನು. ಸಂಶೋಧನೆ ಹಾಳಾದರೆ ಹಾಳಾಯಿತು ಅನ್ನಬಹುದಿತ್ತು, ಆದರೆ ಅದರ ಜೊತೆಗೆ ಜೀವಗಳೂ ಇದ್ದವು. ಅವರು ಅದನ್ನು ಹೇಗೆ ತೆಗೆದುಕೊಂಡರು ಅನ್ನುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರೆ ಅವರನ್ನು ಹೊಗಳಿದಂತಾಗುತ್ತದೆಯೇ ಹೊರತು ತೋರಿಸಿದಂತಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕುಂತೂರಿನವನು. ಓದಿದ್ದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಅವರು ಮೈಸೂರಿನಿಂದ ಬಂದು ಕೊಳ್ಳೇಗಾಲದಲ್ಲಿ ಆಸ್ಪತ್ರೆ ತೆರೆದ ಹೊಸತು. ಜಠರ, ಕರುಳು, ಲಿವರು ಮಾತ್ರ ನೋಡುವ ಡಾಕ್ಟರು ನಮ್ಮ ಸೀಮೆಗೆ ಬಂದದ್ದು ಅದೇ ಮೊದಲು. ಕೆಲಸ ಕೇಳಿಕೊಂಡು ಹೋದೆ. ನನ್ನ ಅಂಕಪಟ್ಟಿಯನ್ನು ಮಗುಚಿಯೂ ನೋಡಲಿಲ್ಲ. "ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದೆ, ಹೇಳು" ಅಂದರು. ಇದ್ಯಾವ ಸೀಮೆ ಇಂಟರ್‌ವ್ಯೂ ಅಂದುಕೊಂಡು, ಮುದ್ದೆ, ಉಪ್ಸಾರು, ಅನ್ನ, ಮಜ್ಜಿಗೆ ಅಂದೆ. "ನಡುವೆ?" ಎರಡು ಸಲ ಕಾಫಿ. "ಅದರ ಜೊತೆ?" ಬನ್ನು. "ಬಸ್ ಸ್ಟ್ಯಾಂಡಲ್ಲಿ?" ಕಡ್ಲೆಕಾಯಿ. "ನೋಡಿದೆಯಾ, ಮತ್ತೆ ಮೂರು ಸಲ ಕೇಳಿದ ಮೇಲೆ ಕಡ್ಲೆಕಾಯಿ ಬಂತು. ಹೀಗೆ ಕೇಳೋದಕ್ಕೆ ನನಗೊಬ್ಬ ಬೇಕು. ನಾಳೆ ಬಾ" ಅಂದರು.

ಕೇಳುವುದರಲ್ಲಿ ಅವರಿಗಿದ್ದ ಸಹನೆ ನನಗೆ ಮೊದಮೊದಲು ಹುಚ್ಚುತನದಂತೆ ಕಾಣುತ್ತಿತ್ತು. ಬಂದವರೆಲ್ಲ "ಗ್ಯಾಸ್ ಟ್ರಬಲ್ ಸಾ" ಅನ್ನುವರು. ಎದೆ ಉರಿದರೂ ಗ್ಯಾಸು, ಮಂಡಿ ನೋವಾದರೂ ಗ್ಯಾಸು, ಸೊಸೆ ಜೊತೆ ಮಾತು ಬಿಟ್ಟಿದ್ದರೂ ಗ್ಯಾಸು. ಡಾಕ್ಟರು ಪೆನ್ನು ಕೆಳಗಿಟ್ಟು, "ಗ್ಯಾಸ್ ಅನ್ನೋದನ್ನ ನಾನು ಹೇಳ್ತೀನಿ, ನೀವು ಏನಾಗತ್ತೆ ಅದನ್ನ ಹೇಳಿ" ಅನ್ನುತ್ತಿದ್ದರು. ಆಗ ಜನ ನಿಜವಾಗಿ ಯೋಚನೆ ಮಾಡಿ, ಕೈಯಿಂದ ತೋರಿಸಿ, ಹುಡುಕಿ ಹುಡುಕಿ ಹೇಳುವರು. ಒಬ್ಬಾತ, ಕಬ್ಬಿನ ಟ್ರ್ಯಾಕ್ಟರು ಓಡಿಸುವವನು, "ಇಂಜಿನ್ ಆಫ್ ಮಾಡುದ್ಮೇಲೂ ಒಳಗೆ ಡಗಡಗ ಅಂತದೆ ಸಾ" ಅಂದ. ಅದನ್ನು ಹಾಗೇ ಬರೆದುಕೊಂಡರು.

ಎಂಡೋಸ್ಕೋಪಿಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಇದನ್ನು ನಮ್ಮ ಜನಕ್ಕೆ ಹೇಳುವುದು ಸುಲಭ, ಮಾಡಿಸುವುದು ಕಷ್ಟ. ಹನೂರಿನ ಕಡೆಯ ಒಬ್ಬರು ತೊಟ್ಟು ನೀರು ಕುಡಿದಿಲ್ಲ ಅಂತ ಆಣೆ ಮಾಡಿ ಮಲಗಿದರು. ಡಾಕ್ಟರು ಬಾಯಿಯಿಂದ ಕೊಳವೆ ಇಳಿಸಿ, ಜಠರ ತಲುಪಿ, ಟಿವಿ ಪರದೆ ನೋಡಿ ನಿಂತುಬಿಟ್ಟರು. "ಇದೇನಯ್ಯ, ಬೂಂದಿ!" ನಿಜವಾಗಿಯೂ ಬೂಂದಿ ಕಾಳು. ಕೊಳವೆ ತೆಗೆದ ಮೇಲೆ ಆತ ಬಾಯಿ ಒರೆಸಿಕೊಂಡು, ಬೇಸರದಿಂದಲೇ, "ಮಾದಪ್ಪನ ಬೆಟ್ಟದ ಲಾಡು ಸಾ. ಪ್ರಸಾದ ಅಲ್ವಾ, ಅದುನ್ನ ತಿಂದಿದ್ದು ಅಂತ ಎಂಗನ್ನದು?" ಅಂದರು. ನಾನು ಬೈಯಲು ಬಾಯಿ ತೆರೆದೆ. ಡಾಕ್ಟರು ನನ್ನ ತೋಳು ಒತ್ತಿ, "ಮಾದಪ್ಪ ಇವತ್ತು ನನಗಿಂತ ಮುಂಚೆ ಒಳಗೆ ಹೋಗಿದ್ದಾನೆ. ನಾಳೆ ನನ್ನನ್ನ ಮೊದಲು ಬಿಡಿ" ಅಂದರು. ಆವತ್ತಿನಿಂದ ನಮ್ಮಲ್ಲಿ ಪ್ರಶ್ನೆಯೇ ಬದಲಾಯಿತು. ಏನು ತಿಂದಿರಿ ಅಂತ ಕೇಳುವಂತಿಲ್ಲ. ಬಾಯಿಗೆ ಏನೇನು ಹೋಯಿತು ಅಂತ ಕೇಳಬೇಕು. ಪ್ರಸಾದ, ತೀರ್ಥ, ಎಲೆ ಅಡಿಕೆ, ಬಿಸಿನೀರು, ಎಲ್ಲವನ್ನೂ ಹೆಸರು ಹಿಡಿದು.

ತಪ್ಪು ಉತ್ತರ ಬಂದರೆ ಪ್ರಶ್ನೆಯನ್ನು ಸರಿಮಾಡುವುದು ಅವರ ರೀತಿ. ಇದನ್ನು ಕಣ್ಣಾರೆ ಕಂಡೂ ನಾನು ಕಲಿಯಲಿಲ್ಲ.

ಸಂಶೋಧನೆ ಶುರುವಾದದ್ದು ಹೀಗೆ. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಹೊಟ್ಟೆಯ ಹುಣ್ಣಿನಿಂದ ರಕ್ತ ಒಸರುವವರು ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಿದ್ದರು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ, ಕಾಫಿಯ ಜೊತೆ ನುಂಗಿ ಗದ್ದೆಗೆ ಇಳಿಯುವುದು ನಮ್ಮ ಕಡೆ ಮಾಮೂಲು. ಆ ಮಾತ್ರೆ ಜಠರದ ಒಳಗೋಡೆಯನ್ನು ತಿನ್ನುತ್ತದೆ. ಇದು ಡಾಕ್ಟರಿಗೆ ಗೊತ್ತಿದ್ದದ್ದೇ. ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ, ಊಟದಿಂದ ಏನಾದರೂ ವ್ಯತ್ಯಾಸವಿದೆಯೇ ಎನ್ನುವುದನ್ನು ಅವರು ತಿಳಿಯಬೇಕಾಗಿತ್ತು. ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆದು ಅಚ್ಚು ಹಾಕಿಸಿದರು. ಹೊಟ್ಟೆಯ ತೊಂದರೆ ಎಂದು ಬಂದ ಪ್ರತಿಯೊಬ್ಬರನ್ನೂ ಹೊರಕೋಣೆಯಲ್ಲಿ ಕೂರಿಸಿಕೊಂಡು ಆ ಹಾಳೆ ತುಂಬುವುದು ನನ್ನ ಕೆಲಸ. ತುಂಬಿದ ಹಾಳೆ ಡಾಕ್ಟರ ಮೇಜಿಗೆ ಹೋಗುವುದು, ಅವರು ಅದನ್ನು ಓದಿ ರೋಗಿಯನ್ನು ನೋಡುವರು.

ಹನ್ನೆರಡನೇ ಪ್ರಶ್ನೆ, ಮಲದ ಬಣ್ಣ. ಜಠರದಲ್ಲಿ ರಕ್ತ ಒಸರುತ್ತಿದ್ದರೆ ಅದು ಕೆಳಗಿಳಿದು ಬರುವಷ್ಟರಲ್ಲಿ ಡಾಂಬರಿನಂತೆ ಕಪ್ಪಾಗಿರುತ್ತದೆ. "ಇಡೀ ಹಾಳೆಯಲ್ಲಿ ಇದೊಂದು ಪ್ರಶ್ನೆ ಇದ್ದರೂ ಸಾಕು ಕಣಯ್ಯ. ಕಪ್ಪು ಅಂದ್ರೆ ಅವತ್ತೇ ಸ್ಕೋಪ್ ಹಾಕಬೇಕು, ಅವರನ್ನ ಮನೆಗೆ ಕಳಿಸಬಾರದು" ಅಂತ ಮೊದಲ ದಿನವೇ ಬೆರಳಿಟ್ಟು ತೋರಿಸಿದ್ದರು. ಮಾಮೂಲು ಅಂತ ಬರೆದಿದ್ದರೆ ಉರಿಗೆ ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ಬರಲು ಹೇಳುವುದು.

ಈಗ ನೀವೇ ಯೋಚನೆ ಮಾಡಿ. ನಾನು ಇದೇ ಸೀಮೆಯವನು. ಬರುವವರಲ್ಲಿ ಅರ್ಧ ಜನ ಹೇಗೋ ನಂಟರಾಗುತ್ತಾರೆ, ಇಲ್ಲದಿದ್ದರೆ ನಂಟರ ನಂಟರು. ತಾಯಿಯ ವಯಸ್ಸಿನ ಹೆಂಗಸು ಎದುರಿಗೆ ಕೂತು, "ನೀನು ಇಂತೋರ ಮಗ ಅಲ್ವಾ?" ಅಂತ ಕೆನ್ನೆ ಸವರುತ್ತಾಳೆ. ಆಕೆಯನ್ನು, ಅವ್ವಾ, ನಿಮ್ಮ ಮಲದ ಬಣ್ಣ ಏನು ಅಂತ ಕೇಳುವುದು ಹೇಗೆ? ತಂಗಿಯ ವಯಸ್ಸಿನವಳನ್ನಂತೂ ಕೇಳುವ ಮಾತೇ ಇಲ್ಲ. ಮೊದಲ ವಾರ ಒಬ್ಬರನ್ನು ಕೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿ ಕೂತರು. ಆಕೆಯ ಗಂಡ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಲ್ಲಿಂದಾಚೆಗೆ ಹೆಂಗಸರು ಬಂದರೆ, ಹಿರಿಯರು ಬಂದರೆ, ಹನ್ನೊಂದನೆಯದರಿಂದ ಹದಿಮೂರನೆಯದಕ್ಕೆ ಹಾರುತ್ತಿದ್ದೆ. ಹಾರಿದ ಜಾಗವನ್ನು ಖಾಲಿ ಬಿಟ್ಟರೆ ಡಾಕ್ಟರು ಕೇಳುತ್ತಾರಲ್ಲ, "ಮಾಮೂಲು" ಅಂತ ಬರೆಯುತ್ತಿದ್ದೆ. ನನ್ನ ಅಕ್ಷರ ದುಂಡಗಿದೆ. ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಸುಳ್ಳು ಬರೆಯುತ್ತಿದ್ದೇನೆ ಅಂತ ನನಗೆ ಅನ್ನಿಸಿರಲಿಲ್ಲ. ಮರ್ಯಾದೆ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಆರು ವರ್ಷದ ಹಾಳೆಗಳನ್ನು ಕೂಡಿ ನೋಡುವಾಗ ಡಾಕ್ಟರಿಗೆ ಒಂದು ವಿಚಿತ್ರ ಕಂಡಿತು. ನೋವಿನ ಮಾತ್ರೆಯನ್ನು ಹೆಂಗಸರೂ ಗಂಡಸರಷ್ಟೇ ನುಂಗುತ್ತಾರೆ, ಆದರೆ ಹೆಂಗಸರಲ್ಲಿ ರಕ್ತ ಒಸರುವುದಿಲ್ಲ! ರಕ್ತ ಕಮ್ಮಿ ಇರುವವರು ಅವರಲ್ಲಿ ಬೇಕಾದಷ್ಟಿದ್ದರು, ಆದರೆ ಅದು ಇಲ್ಲಿಯ ಹೆಂಗಸರಿಗೆ ಹೊಸದೇನಲ್ಲವಲ್ಲ. ಡಾಕ್ಟರು ಉತ್ಸಾಹದಿಂದ ಕುಣಿಯುವುದೊಂದು ಬಾಕಿ. ಗಂಡಸರು ಹೋಟೆಲಿನಲ್ಲಿ ತಿನ್ನುತ್ತಾರೆ. ಹೆಂಗಸರು ಮನೆಯಲ್ಲಿ ರಾಗಿ ಅಂಬಲಿ, ಸೊಪ್ಪಿನ ಸಾರು. ಅದರಲ್ಲೇನೋ ಇದೆ, ಜಠರಕ್ಕೆ ಕವಚ ಹಾಕುವಂಥದ್ದು! ಅನ್ನ ಬಿಟ್ಟರೆ ಬೇರೆ ಕಾಣದ ಆ ಮೈಸೂರಿನ ಮನುಷ್ಯ ಮಧ್ಯಾಹ್ನದ ಊಟಕ್ಕೆ ಮುದ್ದೆ ತರಿಸಿಕೊಳ್ಳಲು ಶುರುಮಾಡಿದರು. ನುಂಗಲು ಬಾರದೆ ಅಗಿಯುತ್ತಿದ್ದರು. ನೋಡಿದವರಿಗೆ ಪಾಪ ಅನ್ನಿಸಬೇಕು.

"ಇದು ಹೊಸ ವಿಷಯ ಕಣಯ್ಯ, ಎಲ್ಲೂ ಯಾರೂ ಬರೆದಿಲ್ಲ" ಅಂತ ಲೇಖನ ಸಿದ್ಧಮಾಡಿ, ವೈದ್ಯರ ಪತ್ರಿಕೆಯೊಂದಕ್ಕೆ ಕಳಿಸಿದರು. ಟೈಪ್ ಮಾಡಿದವನು ನಾನೇ. ಆ ಸಾಲಿಗೆ ಬಂದಾಗ ನನ್ನ ಬೆರಳು ನಿಂತಿತು. ಹೆಂಗಸರಲ್ಲಿ ಯಾಕೆ ಇಲ್ಲ ಅನ್ನುವುದಕ್ಕೆ ಕಾರಣ ಎಲ್ಲಿದೆ ಅಂತ ನನಗೆ ಆ ಕ್ಷಣ ಹೊಳೆಯಿತು. ಹೇಳಬೇಕಾಗಿತ್ತು. ಅವರ ಮುಖದಲ್ಲಿದ್ದ ಖುಷಿ ನೋಡಿ ಬಾಯಿ ಬರಲಿಲ್ಲ ಅಂತ ಬೇಕಾದರೆ ಹೇಳಬಹುದು, ಆದರೆ ನಿಜ ಅದಲ್ಲ. ನನಗೆ ಹೆದರಿಕೆಯಾಯಿತು. ಟೈಪ್ ಮಾಡಿ ಮುಗಿಸಿದೆ.

ಒಂದು ತಿಂಗಳೊಳಗೆ ನನ್ನ ಅಕ್ಕನ ಅತ್ತೆ ಬಂದರು. ಅಕ್ಕನನ್ನು ಅಗರಕ್ಕೆ ಕೊಟ್ಟಿದೆ. ಆ ಅತ್ತೆ ಗಟ್ಟಿ ಹೆಂಗಸು, ಸೊಂಟ ನೋವಿದ್ದರೂ ಗದ್ದೆ ಬಿಟ್ಟವರಲ್ಲ. ಎದೆಯುರಿ ಅಂತ ಬಂದಿದ್ದರು. ಮಾತ್ರೆ ನುಂಗುತ್ತೀರಾ ಅಂತ ಕೇಳಿದೆ, ನುಂಗುತ್ತೇನೆ ಅಂದರು. ಏನು ಊಟ ಅಂತ ಕೇಳಿದೆ. ಕಾಫಿ ತರಿಸಿಕೊಟ್ಟೆ. ಅಕ್ಕನ ಸುದ್ದಿ ವಿಚಾರಿಸಿದೆ. ಹನ್ನೆರಡಕ್ಕೆ "ಮಾಮೂಲು" ಅಂತ ಬರೆದೆ. ಬೀಗಿತ್ತಿಯನ್ನು ಅದನ್ನು ಕೇಳಿದ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಡಾಕ್ಟರು ಹಾಳೆ ನೋಡಿ, ನೋವಿನ ಮಾತ್ರೆ ನಿಲ್ಲಿಸಲು ಹೇಳಿ, ಉರಿಗೆ ಔಷಧಿ ಬರೆದು ಕಳಿಸಿದರು.

ಹತ್ತು ದಿನಕ್ಕೆ, ಒಂದು ಮಧ್ಯಾಹ್ನ, ಅವರನ್ನು ಆಟೋದಲ್ಲಿ ಹೊತ್ತು ತಂದರು. ಮುಖ ಸುಣ್ಣದ ಗೋಡೆ. ಸೀರೆಯ ತುಂಬ ಕಾಫಿ ಚರಟದಂಥ ವಾಂತಿ. ಡಾಕ್ಟರು ಎಡಗೈಯಲ್ಲಿ ನಾಡಿ ಹಿಡಿದು, ಬಲಗೈಯಲ್ಲಿ ಹಳೆಯ ಹಾಳೆ ಹಿಡಿದು, "ಅಮ್ಮ, ಕಪ್ಪಗೆ ಹೋಗ್ತಿತ್ತಾ?" ಅಂತ ಜೋರಾಗಿ ಕೇಳಿದರು.

"ತಿಂಗ್ಳಾಯ್ತು ಕಣಪ್ಪ. ಟಾರ್ ಇದ್ದಂಗೆ."

"ಮೊನ್ನೆ ಬಂದಾಗ ಯಾಕಮ್ಮ ಹೇಳಲಿಲ್ಲ?"

ಆಕೆ ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ಕೈ ತೋರಿಸಿದರು. "ನಮ್ ಸೊಸೆ ತಮ್ಮ ಎದುರ್ಗೆ ಕೂತಿತ್ತು. ಅದು ಕೇಳ್ನಿಲ್ಲ, ನಾನೇಳ್ನಿಲ್ಲ."

ಡಾಕ್ಟರು ನನ್ನನ್ನು ನೋಡಲಿಲ್ಲ. "ರಕ್ತಕ್ಕೆ ಹೇಳು, ಸ್ಕೋಪ್ ತಗೋ" ಅಂದರು, ಅಷ್ಟೆ. ಆವತ್ತು ಅವರು ಮಾಡಿದ ಕೆಲಸ ನೋಡಿದವರು ಮರೆಯುವುದಿಲ್ಲ. ಪರದೆಯ ಮೇಲೆ ಕೆಂಪು ಬಿಟ್ಟು ಏನೂ ಕಾಣುತ್ತಿರಲಿಲ್ಲ. ನೀರು ಹಾಯಿಸಿ, ಎಳೆದು, ಮತ್ತೆ ಹಾಯಿಸಿ, ಆ ಕೆಂಪಿನ ನಡುವೆ ಚಿಮ್ಮುತ್ತಿದ್ದ ಸಣ್ಣ ನಾಳವನ್ನು ಹುಡುಕಿ, ಸೂಜಿ ಚುಚ್ಚಿ, ಕ್ಲಿಪ್ ಹಾಕಿದರು. ಕೈ ಕಲ್ಲಿನಂತೆ ನಿಂತಿತ್ತು. ಬಾಯಿ ಮಾತ್ರ ಸಣ್ಣ ದನಿಯಲ್ಲಿ, "ಸಿಕ್ಕಿದೆ ಅಮ್ಮ, ಸಿಕ್ಕಿದೆ, ಹೆದರಬೇಡಿ" ಅನ್ನುತ್ತಿತ್ತು. ರಕ್ತ ನಿಂತಿತು. ಬಿಡಿ, ಆಕೆ ಈಗಲೂ ಗಟ್ಟಿಯಾಗಿದ್ದಾರೆ, ಹಬ್ಬಕ್ಕೆ ಹೋದರೆ ನನಗೇ ಬೈಯುತ್ತಾರೆ.

ಸಂಜೆ ಅವರ ಕೋಣೆಗೆ ನಾನೇ ಹೋದೆ. ಆ ಹಾಳೆ ಮೇಜಿನ ಮೇಲಿತ್ತು.

"ನೀನು ಇವರನ್ನ ಕೇಳಿದೆಯಾ?"

"ಇಲ್ಲ ಸಾರ್."

"ಇವರೊಬ್ಬರನ್ನೇನಾ?"

"ಗಂಡಸರನ್ನ, ನನ್ನ ವಾರಿಗೆಯವರನ್ನ ಕೇಳಿದ್ದೀನಿ ಸಾರ್. ಹೆಂಗಸರನ್ನ..."

"ಹೇಳಿಬಿಡು."

"ಯಾರನ್ನೂ ಕೇಳಿಲ್ಲ ಸಾರ್. ಹಿರಿಯ ಗಂಡಸರನ್ನೂ ಕೇಳಿಲ್ಲ. ಎಲ್ಲ ನಾನೇ ಬರ್ದಿದ್ದು."

ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಅಂದ್ರೆ, ನಮ್ಮ ಹೆಂಗಸರ ಹೊಟ್ಟೆಗೆ ಕವಚ ಹಾಕಿದ್ದು ರಾಗಿಯಲ್ಲ, ನಿನ್ನ ಮರ್ಯಾದೆ" ಅಂದರು. ಅಂದು ನಕ್ಕರು. ಆ ನಗು ಕೇಳಿ ನನಗೆ ಅಳು ಬಂತು. ಬೈಯಿರಿ ಸಾರ್, ಕೆಲಸದಿಂದ ತೆಗೀರಿ ಸಾರ್ ಅಂದೆ. "ಬೈದರೆ ನಿನಗೆ ಹಗುರಾಗತ್ತೆ. ಅದಕ್ಕೇ ಬೈಯಲ್ಲ. ನಾಳೆ ಎಂಟು ಗಂಟೆಗೆ ಬಾ" ಅಂದರು.

ಮಾರನೆಯ ದಿನ ಎಂಟು ಗಂಟೆಗೆ ಪತ್ರಿಕೆಗೆ ಕಾಗದ ಬರೆಸಿದರು. "ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಉತ್ತರಗಳನ್ನು ನಂಬುವಂತಿಲ್ಲ. ಕಾರಣ: ಯಾರು ಯಾರನ್ನು ಏನು ಕೇಳಬಹುದು ಎಂಬುದನ್ನು ತಿಳಿಯದೆ ನಾನು ಪ್ರಶ್ನೆಗಳನ್ನು ಬರೆದೆ." ಆ ಕಾಗದದಲ್ಲಿ ನನ್ನ ಹೆಸರು ಎಲ್ಲೂ ಇರಲಿಲ್ಲ. ಟೈಪ್ ಮಾಡುತ್ತಿದ್ದವನು ನಿಲ್ಲಿಸಿ, ಇದು ಸರಿಯಲ್ಲ ಸಾರ್, ತಪ್ಪು ನಂದು ಅಂದೆ.

"ನಿಂದೂ ಹೌದು. ಆದರೆ ನೋಡು, ನೀನು ಕುಂತೂರಿನವನು. ಯಾರನ್ನ ಏನು ಕೇಳಬಾರದು ಅಂತ ನಿಮ್ಮಮ್ಮ ನಿನಗೆ ಸರಿಯಾಗಿ ಕಲಿಸಿದಾರೆ. ನಾನು ಹೊರಗಿನಿಂದ ಬಂದವನು. ಅದನ್ನ ಮೊದಲು ಕಲಿತು ಆಮೇಲೆ ಪ್ರಶ್ನೆ ಬರೀಬೇಕಿತ್ತು. ಅಲ್ಲದೆ, ನಿನ್ನ ದುಂಡು ಅಕ್ಷರ ಬಂದ ಮೇಲೆ ನಾನು ಆ ಪ್ರಶ್ನೆ ಕೇಳೋದನ್ನೇ ಬಿಟ್ಟಿದ್ದೆ. ಟೈಪ್ ಮಾಡು."

ಅಂಥ ಹೊಡೆತ ಬಿದ್ದ ಮೇಲೆ ಬೇರೆ ಯಾರಾದರೂ ಸಂಶೋಧನೆಗೆ ಕೈಮುಗಿಯುತ್ತಿದ್ದರು. ಇವರು ಅದೇ ವಾರ ಯಳಂದೂರಿನ ಒಬ್ಬ ನಿವೃತ್ತ ನರ್ಸನ್ನು ಹುಡುಕಿ ತಂದರು. ಊರೂರು ಸುತ್ತಿ ಹೆರಿಗೆ ಮಾಡಿಸಿದ ಹೆಂಗಸು, ಎಲ್ಲರಿಗೂ ಸಿಸ್ಟ್ರಮ್ಮ. ಹೊರಕೋಣೆಗೆ ಪರದೆ ಬಂತು. ಸಿಸ್ಟ್ರಮ್ಮ ಕೇಳುತ್ತಿದ್ದ ರೀತಿಯನ್ನು ಡಾಕ್ಟರು ಪರದೆಯ ಈಚೆ ಕೂತು ಕಿವಿಗೊಟ್ಟು ಕೇಳುತ್ತಿದ್ದರು. ಆಕೆ ಮೊದಲು ಮನೆಯ ಹಸುವಿನಿಂದ ಶುರುಮಾಡುವರು. "ಅಸ ಎಂಗವ್ವ, ಮೇವು ತಿಂತದಾ? ಸಗಣಿ ಗಟ್ಟಿಗಾಯ್ತದಾ, ನೀರಾಯ್ತದಾ?" ಹಸುವಿನ ವಿಷಯ ಅಂದರೆ ನಮ್ಮ ಜನಕ್ಕೆ ನಾಚಿಕೆಯೇ ಇಲ್ಲ, ಬಣ್ಣ, ವಾಸನೆ, ಎಷ್ಟು ಸಲ, ಎಲ್ಲ ಬರುವುದು. ಅದೇ ಉಸಿರಿನಲ್ಲಿ, "ಮತ್ ನಿಂದು?" ಅನ್ನುವರು. ಉತ್ತರ ತಾನೇ ಹೊರಬೀಳುವುದು. ಡಾಕ್ಟರು ನನ್ನ ತೊಡೆ ತಟ್ಟಿ, "ಆರು ವರ್ಷ, ಒಂದು ಹಸು ಕಟ್ಟಿದ್ದರೆ ಸಾಕಿತ್ತಲ್ಲಯ್ಯ" ಅಂದರು. ಹೊಸ ಹಾಳೆ ಅಚ್ಚಾಗಿ ಬಂದಾಗ ಹಸುವಿನ ಪ್ರಶ್ನೆ ಅದರಲ್ಲಿತ್ತು. ಪ್ರತಿ ಪ್ರಶ್ನೆಯ ಮುಂದೆ ಹೌದು, ಇಲ್ಲ ಎಂಬುದರ ಜೊತೆಗೆ "ಕೇಳಲಿಲ್ಲ" ಅಂತ ಮೂರನೆಯ ಚೌಕ ಇತ್ತು.

ನನ್ನ ಪಾಲಿಗೆ ಬಂದದ್ದು ಹಳೆಯ ಹಾಳೆಗಳು, ಅದರಲ್ಲಿದ್ದವರ ಮನೆಗೇ ಹೋಗಿ ಹನ್ನೆರಡನೆಯದನ್ನು ಕೇಳಿ ಬರುವುದು. ಹಿರಿಯ ಗಂಡಸರ ಮನೆಗಳಿಗೆ ನಾನು, ಹೆಂಗಸರಿದ್ದಲ್ಲಿಗೆ ಸಿಸ್ಟ್ರಮ್ಮ. ಭಾನುವಾರಗಳಲ್ಲಿ ಡಾಕ್ಟರೂ ಕಾರಿನಲ್ಲಿ ಜೊತೆಗೆ ಬರುವರು. ಹೊಸ ಹೊಸದರಲ್ಲಿ ನಾನು ದನಕರುಗಳ ಮಾತನ್ನೇ ಎಳೆಯುತ್ತಿದ್ದೆ. ಕುಂತೂರಿನಲ್ಲಿ ನಮ್ಮಪ್ಪನ ಗೆಳೆಯರೊಬ್ಬರ ಮುಂದೆ ಕೂತು ಹಸು, ಎಮ್ಮೆ, ಕುರಿ, ಮೇಕೆ ಎಲ್ಲ ಮುಗಿಸಿ, ಕೋಳಿಗೂ ಬಂದು, ಇನ್ನು ಯಾವ ಪ್ರಾಣಿಯೂ ಉಳಿಯದೆ, ಕೊನೆಗೆ ಅವರೇ, "ಲೇ, ನಮ್ದು ಕೇಳಕ್ ಬಂದಿದ್ದೀಯ ತಾನೆ, ಕೇಳ್ಲಾ" ಅಂದರು. ಆಮೇಲೆ ಭಯ ಹೋಯಿತು. ತಿಂಗಳುಗಟ್ಟಲೆ ತಿರುಗಿದೆವು. ಕಪ್ಪು ಅಂತ ಹೇಳಿದವರನ್ನು ಆ ಕಾರಿನಲ್ಲೇ ಕರೆತಂದು ಸ್ಕೋಪ್ ಹಾಕಿದ್ದುಂಟು. ಡಾಕ್ಟರ ಕವಚದ ಸಿದ್ಧಾಂತ ನೆಲಕಚ್ಚಿತು. ಹೆಂಗಸರೂ ಗಂಡಸರಂತೆಯೇ ಒಳಗೊಳಗೇ ರಕ್ತ ಕಳೆದುಕೊಳ್ಳುತ್ತಿದ್ದರು, ಹೇಳಿಕೊಂಡಿರಲಿಲ್ಲ, ಅಷ್ಟೆ. ಡಾಕ್ಟರಿಗೆ ಅದರ ಬಗ್ಗೆ ಒಂದಿಷ್ಟೂ ಬೇಸರವಿರಲಿಲ್ಲ. "ಈಗ ಗೊತ್ತಾಯ್ತಲ್ಲ" ಅನ್ನುವರು. ಮುದ್ದೆ ತಿನ್ನುವುದನ್ನು ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ನುಂಗುವುದನ್ನು ಕಲಿತಿದ್ದರು.

ರಾಮಾಪುರದ ಹಾಳೆಗಳಿಗೆ ಬಂದದ್ದು ಕೊನೆಗೆ. ಆವತ್ತು ಡಾಕ್ಟರು ಬಂದಿರಲಿಲ್ಲ, ಹನೂರಿನ ಮೇಲೆ ಬಸ್ಸಿನಲ್ಲಿ ಒಬ್ಬನೇ ಹೋದೆ. ಮಂಡಿ ನೋವು, ಎದೆಯುರಿ ಅಂತ ಬಂದಿದ್ದ ಒಬ್ಬ ಯಜಮಾನರ ಹಾಳೆ ಕೈಯಲ್ಲಿತ್ತು. ಅವರ ಜೊತೆ ಸೊಸೆ ಬಂದಿದ್ದು ನೆನಪಿತ್ತು, ಬಾಗಿಲ ಪಕ್ಕ ಚೀಲ ಹಿಡಿದು ನಿಂತಿದ್ದಳು. ಸೊಸೆಯ ಎದುರಿಗೆ ಮಾವನನ್ನು ಆ ಪ್ರಶ್ನೆ ಕೇಳುವುದುಂಟೆ? ಮಾಮೂಲು ಅಂತ ಬರೆದಿದ್ದೆ.

ಮನೆಯಲ್ಲಿ ಸೊಸೆಯೇ ಸಿಕ್ಕಿದಳು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಆಸ್ಪತ್ರೆಯಿಂದ ಬಂದಿದ್ದೇನೆ, ಯಜಮಾನರನ್ನು ನೋಡಬೇಕಿತ್ತು ಅಂದೆ.

"ಮಾವಾರು ಓಗ್ಬುಟ್ರಲ್ಲ ಸಾ. ನಿಮ್ತಾವಿಂದ ಬಂದು ಮೂರ್ ವಾರಕ್ಕೇ. ರಕ್ತ ಕಾರ್ಕಂಡ್ರು. ಅನೂರು ಮುಟ್ಟಕ್ಕೂ ಆಗ್ನಿಲ್ಲ."

ನಾನು ಕೂತೆ. ಹಿಂದಿರುಗಿ ಹೋಗಬಹುದಿತ್ತು. ಆದರೆ ಕೇಳಲು ಬಂದಿದ್ದೆ, ಕೇಳಿದೆ. ಅವರಿಗೆ ಕಪ್ಪಗೆ ಹೋಗುತ್ತಿತ್ತಾ, ಗೊತ್ತೇನವ್ವ?

"ಊ ಸಾ. ಅದುಕ್ಕೇ ಬಂದಿದ್ದು ನಿಮ್ತಾವ್ಕೆ. ಬಸ್ಸಲ್ಲಿ ಬರೋವಾಗ ನಂಗೇಳುದ್ರು, 'ಅವ್ರು ಏನೇನೋ ಕೇಳ್ತಾರಂತೆ, ಆಗ ನೀನು ವಸಿ ಆಚೆಗೋಗವ್ವ' ಅಂತ. ನಾನೂ ಕೇಳುದ್ ತಕ್ಷಣ ಓಗುವಾ ಅಂತ ಬಾಗ್ಲಲ್ಲೇ ನಿಂತಿದ್ದೆ. ನೀವು ಕೇಳ್ನೇ ಇಲ್ಲ." ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ವಾಪಸ್ ಊರ್ಗೆ ಬತ್ತಾ ದಾರೀಲಿ ಖುಸಿಯಾಗೇ ಇದ್ರು. ದೊಡ್ ಆಸ್ಪತ್ರೆಯವ್ರೇ ಕೇಳ್ನಿಲ್ಲ ಅಂದ್ಮೇಲೆ ಅದೇನು ಅಂತಾದ್ದಲ್ಲ ಕಣವ್ವ, ಅಂದ್ರು."

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು "ಮಾಮೂಲು" ಅನ್ನುವುದನ್ನು ಹೊಡೆದುಹಾಕಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಏನ್ ಬರುದ್ರಿ ಸಾ?"

"ಕೇಳಲಿಲ್ಲ ಅಂತ ಬರ್ದೆ ಕಣವ್ವ."

"ಯಾರು ಕೇಳ್ನಿಲ್ಲ ಅಂತ ಬರಿಯಕಿಲ್ವಾ?"

ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ನನ್ನ ಹೆಸರು ಬರೆದು, ಅವಳಿಗೆ ಓದಿ ಹೇಳಿ, ಬಸ್ಸು ಹತ್ತಿದೆ.

ಮಾರನೆಯ ದಿನ ಬೆಳಿಗ್ಗೆ ಹಾಳೆಯನ್ನು ಡಾಕ್ಟರ ಮೇಜಿನ ಮೇಲಿಟ್ಟು, ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಒಪ್ಪಿಸಿದೆ. ಅವರು ಕೇಳಿಸಿಕೊಂಡರು. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಪೆನ್ನು ತೆಗೆದು, ಅಂಚಿನಲ್ಲಿದ್ದ ನನ್ನ ಹೆಸರಿನ ಮೇಲ್ಗಡೆ ತಮ್ಮ ಹೆಸರನ್ನೂ ಬರೆದು, ಮುಂದಿನ ರೋಗಿಯನ್ನು ಕರೆಯಲು ಹೇಳಿದರು.